ಲೈನ್‌ಶಾಫ್ಟ್ ಕಳಚುವ ಮುನ್ನ: ಹಳೆಯ ಕಾಫಿ ಯಂತ್ರಗಳಿಗೆ ಹೊಸ ಮೋಟಾರು, ಹೊಸ ಪ್ಯಾನೆಲ್

ಪ್ರಶ್ನೆ: ಕುಶಾಲನಗರದ ಹತ್ತಿರ ನಮ್ಮ ಕುಟುಂಬದ ಸಣ್ಣ ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಘಟಕ) ಇದೆ. ತಂದೆಯವರ ಕಾಲದ 50 ಎಚ್‌ಪಿ ಸ್ಲಿಪ್‌ರಿಂಗ್ ಮೋಟಾರು ಒಂದೇ ಲೈನ್‌ಶಾಫ್ಟನ್ನು ತಿರುಗಿಸುತ್ತದೆ. ಸಿಪ್ಪೆ ಬಿಡಿಸುವ ಹಲ್ಲರ್, ಬೀಜವನ್ನು ಜರಡಿ ಹಿಡಿಯುವ ಗ್ರೇಡರ್, ಮೂರು ಎಲಿವೇಟರು, ಗಾಳಿಯಿಂದ ಹಗುರ ಬೀಜ ಬೇರ್ಪಡಿಸುವ ಕೆಟಡಾರ್, ಸಿಪ್ಪೆ ಎಳೆಯುವ ಬ್ಲೋವರ್ ಎಲ್ಲವೂ ಅದರಿಂದಲೇ ಚಪ್ಪಟೆ ಬೆಲ್ಟುಗಳ ಮೇಲೆ ಓಡುತ್ತವೆ. ಕಳೆದ ಸೀಸನ್‌ನಲ್ಲಿ ಮೋಟಾರು ಎರಡು ಸಲ ಸುಟ್ಟಿತು. ಗುತ್ತಿಗೆದಾರರೊಬ್ಬರು ಪ್ರತಿ ಯಂತ್ರಕ್ಕೂ ಪ್ರತ್ಯೇಕ ಐಇ4 (ಹೆಚ್ಚು ದಕ್ಷತೆಯ ವರ್ಗದ) ಮೋಟಾರು, ಎಲ್ಲದಕ್ಕೂ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್), ಜೊತೆಗೆ ಪಿಎಲ್‌ಸಿ (ಯಂತ್ರಗಳನ್ನು ಕ್ರಮವಾಗಿ ನಡೆಸುವ ಸಣ್ಣ ಕಂಪ್ಯೂಟರ್) ಮತ್ತು ಟಚ್‌ಸ್ಕ್ರೀನ್ ಹಾಕುವ ಅಂದಾಜುಪಟ್ಟಿ ಕೊಟ್ಟಿದ್ದಾರೆ. ಹಾಕಿದ ಹಣ ಕರೆಂಟ್ ಬಿಲ್ಲಿನ ಉಳಿತಾಯದಲ್ಲೇ ವಾಪಸ್ ಬರುತ್ತದೆ ಎನ್ನುತ್ತಾರೆ. ಮತ್ತೊಬ್ಬರು ಇಡೀ ಸಾಲನ್ನೇ ಗುಜರಿಗೆ ಹಾಕಿ ಎನ್ನುತ್ತಾರೆ. ನಾವು ಏನು ಮಾಡುವುದು ಸರಿ?

ಉತ್ತರ: ಯಂತ್ರಗಳನ್ನು ಗುಜರಿಗೆ ಹಾಕಬೇಡಿ. ಮೋಟಾರು, ಬೆಲ್ಟು ಮತ್ತು ಸ್ಟಾರ್ಟರುಗಳ ಭಾಗವನ್ನು ಮಾತ್ರ ಬದಲಿಸಿ. ಅದನ್ನೂ ಅಂದಾಜುಪಟ್ಟಿಯಲ್ಲಿರುವಷ್ಟು ದೂರ ಒಯ್ಯಬೇಕಾಗಿಲ್ಲ. ಕರೆಂಟ್ ಬಿಲ್ಲಿನಿಂದಲೇ ಹಣ ಮರಳುತ್ತದೆ ಎಂಬ ಮಾತು ನಿಮ್ಮಂಥ ಸೀಸನ್ ಉದ್ಯಮಕ್ಕೆ ಹೊಂದುವುದಿಲ್ಲ. ವರ್ಷವಿಡೀ ಮೂರು ಪಾಳಿ ನಡೆಯುವ ಕಾರ್ಖಾನೆಯ ಲೆಕ್ಕವನ್ನು ವರ್ಷಕ್ಕೆ 1,500 ಗಂಟೆ ಓಡುವ ಕಡೆ ತಂದು ಹಾಕಿದರೆ ಕಾಗದದ ಮೇಲೆ ಮಾತ್ರ ಲಾಭ ಕಾಣುತ್ತದೆ. ಹಣ ಮರಳುವುದು ಬೇರೆ ಕಡೆಯಿಂದ: ಒಡಕು ಬೀಜ ಕಡಿಮೆಯಾಗುವುದರಿಂದ, ಗ್ರೇಡಿಂಗ್ ಒಂದೇ ಸಮನಾಗುವುದರಿಂದ, ಫೆಬ್ರವರಿಯಲ್ಲಿ ಅಂಗಳದ ತುಂಬ ಚೀಲ ಇರುವಾಗ ಯಂತ್ರ ನಿಲ್ಲದೆ ಇರುವುದರಿಂದ.

ಮೊದಲು ಆ ಸುಟ್ಟ ಮೋಟಾರಿನ ವಿಚಾರ ಮುಗಿಸೋಣ. ಒಂದೇ ಸೀಸನ್‌ನಲ್ಲಿ ಎರಡು ಸಲ ಸುಟ್ಟಿದ್ದರೆ ಅದಕ್ಕೆ ಮೋಟಾರಿನ ವಯಸ್ಸೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಕಾರಣ ಹುಡುಕದೆ ಹೊಸ ಮೋಟಾರು ಕೂರಿಸಿದರೆ ಅದೂ ಅದೇ ಹಾದಿ ಹಿಡಿಯುತ್ತದೆ. ಕೊಡಗಿನಲ್ಲಿ ಫೆಬ್ರವರಿ–ಮಾರ್ಚ್ ಎಂದರೆ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಡುವ ಕಾಲ; ಒಂದೇ ವಿದ್ಯುತ್ ಲೈನಿನ ಮೇಲೆ ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡಿದಾಗ ವೋಲ್ಟೇಜ್ ಇಳಿಯುತ್ತದೆ, ಮೂರು ಫೇಸುಗಳ ನಡುವೆ ಏರುಪೇರೂ ಆಗುತ್ತದೆ. ವೋಲ್ಟೇಜಿನ ಅಸಮತೋಲನ ಶೇ 1ರಷ್ಟಿದ್ದರೆ ಮೋಟಾರು ಎಳೆಯುವ ಕರೆಂಟಿನ ಅಸಮತೋಲನ ಅದರ ಆರರಿಂದ ಹತ್ತು ಪಟ್ಟು ಇರಬಲ್ಲದು. ಜೊತೆಗೆ ಮೋಟಾರಿನ ಗಾಳಿದಾರಿಯಲ್ಲಿ ಕಾಫಿ ಸಿಪ್ಪೆಯ ಧೂಳು ತುಂಬಿಕೊಂಡಿದ್ದರೆ, ರೋಟರ್ ರೆಸಿಸ್ಟೆನ್ಸ್ ಸ್ಟಾರ್ಟರಿನ ಸಂಪರ್ಕಗಳು ಸವೆದು ಕೊನೆಯ ಹಂತದಲ್ಲಿ ರೆಸಿಸ್ಟೆನ್ಸ್ ಪೂರ್ತಿ ಕಟ್ ಆಗದಿದ್ದರೆ, ಸುಡುವುದು ಆಶ್ಚರ್ಯವಲ್ಲ. ಈಗಿನ ಪ್ಯಾನೆಲ್ಲಿನಲ್ಲಿ ಫೇಸ್ ಫೇಲ್ಯೂರ್ ರಿಲೇ (ಒಂದು ಫೇಸ್ ಹೋದರೆ ಮೋಟಾರು ನಿಲ್ಲಿಸುವ ಸಾಧನ) ಇದೆಯೇ, ಇದ್ದರೆ ಅದನ್ನು ಯಾರಾದರೂ ‘ತೊಂದರೆ ಕೊಡುತ್ತದೆ’ ಎಂದು ಬೈಪಾಸ್ ಮಾಡಿದ್ದಾರೆಯೇ ಎಂದು ಮೊದಲು ನೋಡಿ. ಹಳೆಯ ಪ್ಯಾನೆಲ್ಲುಗಳನ್ನು ತೆರೆದಾಗ ಇಂಥ ಬೈಪಾಸ್ ತಂತಿ ಸಿಗುವುದು ಅಪರೂಪವೇನಲ್ಲ.

ಯಂತ್ರಗಳನ್ನು ಉಳಿಸಿಕೊಳ್ಳಿ ಎನ್ನಲು ಸರಳ ಕಾರಣವಿದೆ. ಹಳೆಯ ಹಲ್ಲರಿನ ಬೀಡು ಕಬ್ಬಿಣದ ದೇಹಕ್ಕೆ ಸವೆತವೇ ಇಲ್ಲವೆನ್ನಬಹುದು. ಸವೆಯುವುದು ಒಳಗಿನ ಬ್ಲೇಡು, ಜರಡಿ ತಗಡು, ಬೇರಿಂಗು. ಇವನ್ನು ಮೈಸೂರಿನ ಅಥವಾ ಹಾಸನದ ಯಾವುದೇ ಒಳ್ಳೆಯ ಲೇತ್ ಅಂಗಡಿ ಮಾಡಿಕೊಡುತ್ತದೆ. ಶಾಫ್ಟು ಬಾಗಿದ್ದರೆ, ದೇಹದಲ್ಲಿ ಬಿರುಕು ಬಿಟ್ಟಿದ್ದರೆ ಮಾತು ಬೇರೆ. ಡಯಲ್ ಗೇಜು ಇಟ್ಟು ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡುವುದಕ್ಕೆ ಅರ್ಧ ದಿನ ಸಾಕು. ಬೇರಿಂಗ್ ಸಡಿಲವಿರುವ ಯಂತ್ರಕ್ಕೆ ವಿಎಫ್‌ಡಿ ಹಾಕಿದರೆ ಅದು ನಾಜೂಕಾಗಿ ನಿಯಂತ್ರಿಸಲ್ಪಟ್ಟ ಸಡಿಲ ಯಂತ್ರವಾಗುತ್ತದೆ, ಅಷ್ಟೆ.

ಮೋಟಾರುಗಳ ಅಳತೆ ನಿರ್ಧರಿಸುವ ಮುನ್ನ, ಲೈನ್‌ಶಾಫ್ಟ್ ಇನ್ನೂ ಜೋಡಣೆಯಲ್ಲಿ ಇರುವಾಗಲೇ, ಒಂದು ಪರೀಕ್ಷೆ ಮಾಡಿಬಿಡಿ. ಮುಖ್ಯ ಮೋಟಾರಿಗೆ ಪವರ್ ಅನಲೈಸರ್ ಜೋಡಿಸಿ. ಬರಿಯ ಟಾಂಗ್ ಟೆಸ್ಟರ್ ಸಾಲದು, ಏಕೆಂದರೆ ಹಗುರ ಲೋಡಿನಲ್ಲಿ ಪವರ್ ಫ್ಯಾಕ್ಟರ್ ಕುಸಿದಿರುವುದರಿಂದ ಆಂಪಿಯರ್ ನೋಡಿ ಕಿಲೋವ್ಯಾಟ್ ಊಹಿಸಿದರೆ ಲೆಕ್ಕ ತಪ್ಪುತ್ತದೆ. ಮೊದಲು ಕಾಫಿ ತುಂಬಿಸಿ ಎಲ್ಲವನ್ನೂ ಓಡಿಸಿ, ಕಿಲೋವ್ಯಾಟ್ ಬರೆದುಕೊಳ್ಳಿ. ನಂತರ ಕಾಫಿ ನಿಲ್ಲಿಸಿ ಖಾಲಿ ಓಡಿಸಿ. ಆಮೇಲೆ ಪ್ರತಿ ಸಲವೂ ಮೋಟಾರು ನಿಲ್ಲಿಸಿ, ಹಲ್ಲರಿನ ಬೆಲ್ಟು ತೆಗೆದು ಓಡಿಸಿ, ಬ್ಲೋವರಿನದು ತೆಗೆದು ಓಡಿಸಿ, ಹೀಗೆ ಒಂದೊಂದಾಗಿ ಕಳಚುತ್ತ ಕೊನೆಗೆ ಬರೀ ಲೈನ್‌ಶಾಫ್ಟು ಮತ್ತು ಅದರ ಬುಷ್ ಬೇರಿಂಗುಗಳು ಎಷ್ಟು ತಿನ್ನುತ್ತವೆ ಎಂದು ನೋಡಿ. ಬೀಜವೇ ಇಲ್ಲದೆ ಶಾಫ್ಟೊಂದೇ ಹಲವು ಕಿಲೋವ್ಯಾಟ್ ನುಂಗುವುದು ಹಳೆಯ ಶೆಡ್ಡುಗಳಲ್ಲಿ ಸಾಮಾನ್ಯ, ಲೈನ್‌ಶಾಫ್ಟ್ ತೆಗೆಯಲು ನಿಜವಾದ ವಿದ್ಯುತ್ ಕಾರಣವೂ ಅದೇ. ಇದೇ ಹೊತ್ತಿನಲ್ಲಿ ಪ್ರತಿ ಯಂತ್ರದ ಶಾಫ್ಟಿನ ವೇಗವನ್ನು, ಲೋಡು ಇರುವಾಗ, ಟ್ಯಾಕೋಮೀಟರಿನಿಂದ ಅಳೆದು ಗೋಡೆಯ ಮೇಲಾದರೂ ಬರೆದಿಡಿ. ಎಲ್ಲ ಕಳಚಿದ ಮೇಲೆ ‘ಗ್ರೇಡರ್ ಎಷ್ಟು ವೇಗದಲ್ಲಿ ಓಡುತ್ತಿತ್ತು’ ಎಂದು ಕೇಳಿದರೆ ಉತ್ತರ ಹೇಳುವವರು ಸಿಗುವುದಿಲ್ಲ.

ಇನ್ನು ನಾನು ಮುಖ್ಯವೆಂದು ತಿಳಿದಿರುವ ಸಂಗತಿ. ಅಂದಾಜುಪಟ್ಟಿ ಬರೆದವರು ಲೈನ್‌ಶಾಫ್ಟನ್ನು ಶಕ್ತಿ ಸಾಗಿಸುವ ಉದ್ದನೆಯ ಕಂಬಿ ಎಂದಷ್ಟೇ ಕಂಡಿದ್ದಾರೆ. ಆ ಕಂಬಿ ಯಾರೂ ಹೇಳದೆಯೇ ಇನ್ನೂ ಮೂರು ಕೆಲಸ ಮಾಡುತ್ತಿತ್ತು. ಮೊದಲನೆಯದು, ಅದರ ಭಾರವಾದ ಪುಲ್ಲಿಗಳೆಲ್ಲ ಸೇರಿ ಫ್ಲೈವೀಲಿನಂತೆ ವರ್ತಿಸಿ, ಹಲ್ಲರಿಗೆ ಒಮ್ಮೆಲೇ ಹೆಚ್ಚು ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಬಿದ್ದಾಗಿನ ಏಟನ್ನು ನುಂಗಿಕೊಳ್ಳುತ್ತಿದ್ದವು. ಎರಡನೆಯದು, ಕಲ್ಲೋ ಮೊಳೆಯೋ ಸಿಕ್ಕಿ ಹಲ್ಲರ್ ಹಿಡಿದುಕೊಂಡರೆ ಚಪ್ಪಟೆ ಬೆಲ್ಟು ಜಾರುತ್ತಿತ್ತು ಅಥವಾ ಕಳಚಿ ಬೀಳುತ್ತಿತ್ತು. ಬೈದುಕೊಂಡೇ ಮತ್ತೆ ಏರಿಸುತ್ತಿದ್ದಿರಿ, ಆದರೆ ಶಾಫ್ಟು ಮುರಿಯದಂತೆ ಕಾಯುತ್ತಿದ್ದದ್ದು ಅದೇ. ಮೂರನೆಯದು, ಮೋಟಾರು ನಿಂತರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತಿದ್ದವು. ಗ್ರೇಡರ್ ನಿಂತು ಎಲಿವೇಟರ್ ಮಾತ್ರ ಓಡಿ ಬೀಜ ಮಹಡಿಯಿಂದ ಸುರಿಯುವ ಪ್ರಸಂಗವೇ ಇರಲಿಲ್ಲ. ಲೈನ್‌ಶಾಫ್ಟ್ ತೆಗೆದು ಬೇರೆ ಬೇರೆ ಮೋಟಾರು, ಜಾರದ ವಿ-ಬೆಲ್ಟು ಹಾಕಿದ ದಿನ ಈ ಮೂರೂ ರಕ್ಷಣೆಗಳು ಒಟ್ಟಿಗೆ ಹೋಗುತ್ತವೆ. ಹೊಸ ವ್ಯವಸ್ಥೆಯ ಒಳ್ಳೆಯದು ಕೆಟ್ಟದ್ದನ್ನು ಅಳೆಯಬೇಕಾದದ್ದು ಇವಕ್ಕೆ ಬದಲಿ ಏನು ಕೊಟ್ಟಿದ್ದಾರೆ ಎಂಬುದರಿಂದ. ಮೂರಕ್ಕೂ ಬದಲಿ ಇದೆ: ಹಲ್ಲರಿಗೆ ಹೆವಿ ಡ್ಯೂಟಿ ರೇಟಿಂಗಿನ ಡ್ರೈವ್ ಮತ್ತು ಯಂತ್ರದ ಮೇಲೇ ಉಳಿಸಿಕೊಂಡ ಭಾರದ ಪುಲ್ಲಿ, ಡ್ರೈವಿನಲ್ಲಿ ಟಾರ್ಕ್ ಮಿತಿ ಮತ್ತು ಅದನ್ನು ನಂಬಿ ಕೂರದೆ ಒಂದು ಶಿಯರ್ ಪಿನ್ (ಲೋಡು ಮಿತಿ ಮೀರಿದರೆ ತಾನು ಮುರಿದು ಶಾಫ್ಟನ್ನು ಉಳಿಸುವ ಪಿನ್), ಹಾಗೂ ಒಂದಕ್ಕೊಂದು ಕಟ್ಟಿಹಾಕುವ ಇಂಟರ್‌ಲಾಕ್. ಹಲ್ಲರಿನ ಬಾಯಿಗಿಂತ ಮೊದಲು ಮ್ಯಾಗ್ನೆಟ್ಟು ಮತ್ತು ಕಲ್ಲು ತೆಗೆಯುವ ಡಿಸ್ಟೋನರ್ ಇಲ್ಲದಿದ್ದರೆ, ಟಚ್‌ಸ್ಕ್ರೀನಿನ ಹಣವನ್ನು ಅತ್ತ ತಿರುಗಿಸಿ.

ಮೋಟಾರಿನ ದಕ್ಷತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮಲ್ಲಿ ಐಎಸ್ 12615 ಎಂಬ ಮಾನದಂಡ ಐಇ2, ಐಇ3, ಐಇ4 ವರ್ಗಗಳನ್ನು ಹೇಳುತ್ತದೆ. 15 ಕಿಲೋವ್ಯಾಟಿನ, ನಾಲ್ಕು ಪೋಲ್‌ನ ಮೋಟಾರಿಗೆ ಐಇ3 ದಕ್ಷತೆ ಶೇ 92.1, ಐಇ4ರದು ಶೇ 93.9. ಆ ಮೋಟಾರು 12 ಕಿಲೋವ್ಯಾಟಿನ ಕೆಲಸ ಮಾಡುತ್ತ ವರ್ಷಕ್ಕೆ 1,500 ಗಂಟೆ ಓಡಿದರೆ ಎರಡರ ನಡುವಿನ ವ್ಯತ್ಯಾಸ ಸುಮಾರು 375 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಇಟ್ಟುಕೊಂಡರೂ ವರ್ಷಕ್ಕೆ 3,000 ರೂಪಾಯಿ. ಐಇ4ಕ್ಕೆ ಕೇಳುವ ಹೆಚ್ಚುವರಿ ಬೆಲೆಯನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ನಾನಾದರೆ ಐಇ3ರಲ್ಲಿ ನಿಲ್ಲುತ್ತೇನೆ, ಉಳಿದ ಹಣಕ್ಕೆ ಧೂಳು, ನೀರು ತಡೆಯುವ ಐಪಿ55 ರಕ್ಷಣೆ, ವೈಂಡಿಂಗಿನೊಳಗೆ ಶಾಖ ತಿಳಿಸುವ ಥರ್ಮಿಸ್ಟರ್, ಮಳೆಗಾಲಕ್ಕೆ ಸ್ಪೇಸ್ ಹೀಟರ್ ಕೇಳುತ್ತೇನೆ.

ಬ್ಲೋವರಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹೊಸ ದಕ್ಷ ಮೋಟಾರುಗಳಲ್ಲಿ ಸ್ಲಿಪ್ (ಲೋಡಿನಲ್ಲಿ ವೇಗ ಹಿಂದೆ ಬೀಳುವ ಪ್ರಮಾಣ) ಕಡಿಮೆ; ಹಳೆಯದು 1,440ರಲ್ಲಿ ಓಡುತ್ತಿದ್ದರೆ ಹೊಸದು 1,470ರಲ್ಲಿ ಓಡಬಹುದು. ಫ್ಯಾನಿನ ಶಕ್ತಿ ವೇಗದ ಘನದಂತೆ ಏರುವುದರಿಂದ, ಶೇ 2ರಷ್ಟು ಹೆಚ್ಚಿದ ವೇಗ ಶೇ 6ರಷ್ಟು ಹೆಚ್ಚು ಶಕ್ತಿ ಎಳೆಯುತ್ತದೆ. ಪುಲ್ಲಿ ಬದಲಿಸದೆ ಮೋಟಾರು ಮಾತ್ರ ಬದಲಿಸಿದರೆ ‘ದಕ್ಷ’ ಮೋಟಾರಿನ ಬಿಲ್ಲು ಹೆಚ್ಚಾಗುವುದು ಹೀಗೆ. ಎತ್ತರದ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ: ಮೋಟಾರು ಮತ್ತು ಡ್ರೈವುಗಳ ರೇಟಿಂಗ್ ಸಾಮಾನ್ಯವಾಗಿ 1,000 ಮೀಟರಿನವರೆಗೆ ಇರುತ್ತದೆ, ಕುಶಾಲನಗರ ಅದಕ್ಕಿಂತ ಕೆಳಗಿದೆ. ಮಡಿಕೇರಿ ಅದಕ್ಕಿಂತ ಮೇಲಿದೆ, ಆದ್ದರಿಂದ ಅಲ್ಲಿ ಪಲ್ಪರ್ ಹೌಸಿಗೆ ಡ್ರೈವ್ ಕೊಳ್ಳುವವರು 1,000 ಮೀಟರಿನಿಂದ ಮೇಲಿನ ಪ್ರತಿ 100 ಮೀಟರಿಗೆ ಸುಮಾರು ಶೇ 1ರಷ್ಟು ಸಾಮರ್ಥ್ಯ ಕಳೆದು ಲೆಕ್ಕ ಹಾಕಬೇಕು.

ಅಂದಾಜುಪಟ್ಟಿಯ ವೆಚ್ಚ ಇಳಿಸಲು ಯಾರಾದರೂ ‘ಹಲ್ಲರಿಗೆ ಸ್ಟಾರ್-ಡೆಲ್ಟಾ ಸಾಕು’ ಎಂದರೆ ಒಪ್ಪಬೇಡಿ. ನಿಮ್ಮ ಸ್ಲಿಪ್‌ರಿಂಗ್ ಮೋಟಾರಿನ ದೊಡ್ಡ ಗುಣವೇ ಕಡಿಮೆ ಕರೆಂಟಿನಲ್ಲಿ ಹೆಚ್ಚು ಸ್ಟಾರ್ಟಿಂಗ್ ಟಾರ್ಕ್ ಕೊಡುವುದು. ಸಾಮಾನ್ಯ ಸ್ಕ್ವಿರಲ್ ಕೇಜ್ ಮೋಟಾರನ್ನು ಸ್ಟಾರ್-ಡೆಲ್ಟಾದಲ್ಲಿ ಎಬ್ಬಿಸಿದರೆ ನೇರ ಸ್ಟಾರ್ಟಿನ ಮೂರನೇ ಒಂದು ಭಾಗದಷ್ಟೇ ಟಾರ್ಕ್ ಸಿಗುತ್ತದೆ. ಹೊಟ್ಟೆಯಲ್ಲಿ ಕಾಫಿ ಇರುವಾಗ ಕರೆಂಟ್ ಹೋಗಿ ನಿಂತ ಹಲ್ಲರ್ ಅಷ್ಟಕ್ಕೆ ಏಳುವುದಿಲ್ಲ. ಪ್ರತಿ ಕರೆಂಟ್ ಹೋದಾಗಲೂ ಮುಚ್ಚಳ ತೆರೆದು ಕೈಯಲ್ಲಿ ಕಾಫಿ ತೋಡಬೇಕಾಗುತ್ತದೆ. ವೆಕ್ಟರ್ ನಿಯಂತ್ರಣದ, ಹೆವಿ ಡ್ಯೂಟಿ ರೇಟಿಂಗಿನ ಡ್ರೈವ್ ಶೇ 150ರಷ್ಟು ಕರೆಂಟನ್ನು 60 ಸೆಕೆಂಡ್ ಕೊಡಬಲ್ಲದು. ಅದೇ ಪೆಟ್ಟಿಗೆಯ ಮೇಲೆ ನಾರ್ಮಲ್ ಡ್ಯೂಟಿ ಎಂಬ ಇನ್ನೊಂದು ದೊಡ್ಡ ಅಂಕಿಯೂ ಅಚ್ಚಾಗಿರುತ್ತದೆ. ಅದು ಫ್ಯಾನು–ಪಂಪುಗಳಿಗೆ, ಹಲ್ಲರಿಗಲ್ಲ. ದರಪಟ್ಟಿಗಳನ್ನು ಹೋಲಿಸುವಾಗ ಯಾವ ಅಂಕಿಯ ಮೇಲೆ ದರ ಕೊಟ್ಟಿದ್ದಾರೆ ಎಂದು ಕೇಳಿ. ಹಳೆಯ ಸ್ಲಿಪ್‌ರಿಂಗ್ ಮೋಟಾರಿಗೇ ವಿಎಫ್‌ಡಿ ಜೋಡಿಸುವ ಆಲೋಚನೆಯನ್ನೂ ಬಿಡಿ. ರಿಂಗುಗಳನ್ನು ಶಾರ್ಟ್ ಮಾಡಿ ಓಡಿಸಲು ಸಾಧ್ಯ, ನಿಜ. ಆದರೆ ಎರಡು ಸಲ ರಿವೈಂಡ್ ಆದ ಹಳೆಯ ಇನ್ಸುಲೇಷನ್ ಡ್ರೈವಿನ ಚೂಪಾದ ವೋಲ್ಟೇಜ್ ಏಟುಗಳನ್ನು ಬಹಳ ಕಾಲ ತಾಳುವುದಿಲ್ಲ.

ಹಾಗಾದರೆ ವಿಎಫ್‌ಡಿ ಎಲ್ಲೆಲ್ಲಿ ಬೇಕು? ನನ್ನ ಲೆಕ್ಕದಲ್ಲಿ ಮೂರು ಕಡೆ ಮಾತ್ರ. ಹಲ್ಲರಿಗೆ, ಅದಕ್ಕೆ ಕಾಫಿ ಉಣಿಸುವ ಫೀಡರೂ ಸೇರಿ, ಬೇಕು, ಮೇಲೆ ಹೇಳಿದ ಕಾರಣಕ್ಕಲ್ಲದೆ ಇನ್ನೊಂದು ಕಾರಣಕ್ಕೂ. ಅರೇಬಿಕಾ ಪಾರ್ಚ್‌ಮೆಂಟಿಗೂ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಬೀಜ) ರೊಬಸ್ಟಾ ಚೆರ್ರಿಗೂ ಒಂದೇ ವೇಗ ಹೊಂದುವುದಿಲ್ಲ. ಪಾರ್ಚ್‌ಮೆಂಟಿನ ತೇವ ಶೇ 10ರ, ಚೆರ್ರಿಯದು ಶೇ 11ರ ಆಸುಪಾಸಿನಲ್ಲಿ ಬರಬೇಕೆಂದಿದ್ದರೂ ಎಲ್ಲ ತೋಟದ ಚೀಲವೂ ಹಾಗೆ ಬರುವುದಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೆಚ್ಚು ಒಣಗಿದ ಬೀಜ ವೇಗಕ್ಕೆ ಒಡೆಯುತ್ತದೆ, ಹಸಿ ಬೀಜ ಜಜ್ಜಿಹೋಗುತ್ತದೆ. ಹಲ್ಲರಿನ ಬಾಯಿಯ ಹಲಗೆಯನ್ನು ಕಣ್ಣಳತೆಯಲ್ಲಿ ಸರಿಸುವ ಬದಲು, ಹಲ್ಲರ್ ಮೋಟಾರಿನ ಲೋಡನ್ನು ನೋಡಿಕೊಂಡು ಫೀಡರಿನ ವೇಗವನ್ನು ತಾನೇ ಹೆಚ್ಚುಕಡಿಮೆ ಮಾಡುವಂತೆ ಜೋಡಿಸಿದರೆ ಹಲ್ಲರಿನ ಹೊಟ್ಟೆ ಸದಾ ಒಂದೇ ಅಳತೆಯಲ್ಲಿ ತುಂಬಿರುತ್ತದೆ, ಒಳಗಿನ ಶಾಖ ಏರಿ ಬೀಜದ ಬಣ್ಣ ಕೆಡುವುದೂ ತಗ್ಗುತ್ತದೆ. ಬೆಳೆಗಾರರು ನಿಮ್ಮೊಡನೆ ಜಗಳಕ್ಕೆ ನಿಲ್ಲುವುದು ಔಟ್‌ಟರ್ನಿನ (ಒಂದು ಚೀಲದಿಂದ ಸಿಗುವ ಶುದ್ಧ ಬೀಜದ ತೂಕ) ಮೇಲೆ. 50 ಕೆ.ಜಿ. ಚೆರ್ರಿ ಚೀಲದಲ್ಲಿ ಅರ್ಧ ಕೆ.ಜಿ. ಬೀಜ ಸಿಪ್ಪೆಯೊಂದಿಗೆ ಹಾರಿಹೋಗದೆ, ಬಿಟ್ಸ್ (ಒಡಕು) ಆಗಿ ಕೀಳು ಬಿಬಿಬಿ ಗ್ರೇಡಿಗೆ ಇಳಿಯದೆ ಉಳಿದರೆ, ಆ ಹಣದ ಮುಂದೆ ಮೋಟಾರಿನ ಯೂನಿಟ್ಟುಗಳ ಉಳಿತಾಯ ಏನೇನೂ ಅಲ್ಲ.

ಎರಡನೆಯದು ಕೆಟಡಾರ್. ಅಲ್ಲಿ ಗಾಳಿಯ ವೇಗವೇ ಕೆಲಸಗಾರ. ಹಗುರ ಬೀಜ ಮೇಲೆ ಹೋಗಬೇಕು, ತೂಕದ ಬೀಜ ಕೆಳಗೆ ಬೀಳಬೇಕು. ಈಗ ಲೈನ್‌ಶಾಫ್ಟಿನ ವೇಗ ಹಲ್ಲರಿನ ಲೋಡಿಗೆ ತಕ್ಕಂತೆ ಏರಿಳಿದಾಗಲೆಲ್ಲ ಕೆಟಡಾರಿನ ಗಾಳಿಯೂ ಏರಿಳಿಯುತ್ತಿದೆ. ಪ್ರತ್ಯೇಕ ಮೋಟಾರು, ಸಣ್ಣ ಡ್ರೈವ್ ಬಂದರೆ ಗಾಳಿ ಸ್ಥಿರವಾಗುತ್ತದೆ. ಎಎ ಗ್ರೇಡಿಗೆ ಇಷ್ಟು, ಪಿಬಿಗೆ (ಪೀಬೆರಿ, ದುಂಡು ಬೀಜ) ಇಷ್ಟು, ಸಿ ಗ್ರೇಡಿಗೆ ಇಷ್ಟು ಎಂದು ವೇಗವನ್ನು ನಮೂದಿಸಿಟ್ಟು ಮತ್ತೆ ಅದಕ್ಕೇ ಮರಳಬಹುದು. ಇಡೀ ಯೋಜನೆಯಲ್ಲಿ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಬದಲಾವಣೆ ಇದೇ ಎಂದು ನನ್ನ ಅಭಿಪ್ರಾಯ.

ಮೂರನೆಯದು ಸಿಪ್ಪೆಯ ಬ್ಲೋವರ್. ವೇಗವನ್ನು ಶೇ 80ಕ್ಕೆ ಇಳಿಸಿದರೆ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬ ಮಾತು ಲೆಕ್ಕಕ್ಕೆ ಸರಿ, ವಿದ್ಯುತ್ ಉಳಿತಾಯವೆಂದು ಹೇಳಬಹುದಾದದ್ದು ಇದ್ದರೆ ಇಲ್ಲೇ. ಆದರೆ ಸಿಪ್ಪೆಯನ್ನು ಸಾಗಿಸುವ ಪೈಪಿನಲ್ಲಿ ಗಾಳಿಯ ವೇಗ ಒಂದು ಮಿತಿಗಿಂತ ಇಳಿದರೆ ಸಿಪ್ಪೆ ಅಡ್ಡ ಪೈಪಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಡ್ರೈವಿನಲ್ಲಿ ಕನಿಷ್ಠ ವೇಗವನ್ನು ಲಾಕ್ ಮಾಡಿಸಿ, ಅದನ್ನು ಪೈಪಿನ ಬಾಗುಗಳನ್ನು ತಟ್ಟಿ, ತೆರೆದು ನೋಡಿಯೇ ಗೊತ್ತುಮಾಡಿ.

ಎಲಿವೇಟರುಗಳಿಗೆ ಗೇರ್ಡ್ ಮೋಟಾರು, ನೇರ ಸ್ಟಾರ್ಟರು ಸಾಕು. ಗ್ರೇಡರಿಗೂ ಅಷ್ಟೆ: ಜರಡಿಯ ಅಲುಗಾಟ ಒಂದು ನಿಶ್ಚಿತ ವೇಗಕ್ಕೆ ಹೊಂದಿಕೊಂಡಿರುತ್ತದೆ, ವೇಗ ಬದಲಿಸುವ ಗುಂಡಿ ಕೊಟ್ಟರೆ ಯಾರೋ ಒಬ್ಬರು ಅದನ್ನು ತಿರುಗಿಸಿಯೇ ತೀರುತ್ತಾರೆ, ಆಮೇಲೆ ಎ ಗ್ರೇಡಿನೊಳಗೆ ಬಿ ಸೇರುತ್ತದೆ, ಚೌಕಟ್ಟಿನ ಬೋಲ್ಟುಗಳೂ ಸಡಿಲಾಗುತ್ತವೆ.

ನಮ್ಮ ಜಿಲ್ಲೆಯ ಹವೆಗೆ ಎಲೆಕ್ಟ್ರಾನಿಕ್ ಪ್ಯಾನೆಲ್ಲು ತಾಳಬೇಕಾದರೆ ಕೆಲವು ಅಂಶಗಳಲ್ಲಿ ರಾಜಿ ಮಾಡಿಕೊಳ್ಳಬಾರದು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನಿಂದ ಲೈನಿನ ಮೇಲೆ ಬರುವ ಸರ್ಜ್ ಡ್ರೈವುಗಳನ್ನು ಕೊಲ್ಲುತ್ತದೆ. ಒಳಬರುವ ಕಡೆ ಸರ್ಜ್ ಪ್ರೊಟೆಕ್ಷನ್ ಮತ್ತು ಬೇಸಿಗೆಯಲ್ಲಿ ಅಳೆದು ನೋಡಿದ ಒಳ್ಳೆಯ ಅರ್ತಿಂಗ್ ಎರಡೂ ಬೇಕು, ಒಂದಿಲ್ಲದೆ ಇನ್ನೊಂದು ಕೆಲಸ ಮಾಡದು. ಮಳೆಗಾಲದಲ್ಲಿ ಅರ್ತಿಂಗ್ ಅಳೆದು ಸರ್ಟಿಫಿಕೇಟ್ ಕೊಟ್ಟರೆ ಅದನ್ನು ನಂಬಬೇಡಿ, ಒದ್ದೆ ನೆಲ ಎಲ್ಲವನ್ನೂ ಚೆನ್ನಾಗಿಯೇ ತೋರಿಸುತ್ತದೆ. ಡ್ರೈವುಗಳ ಮುಂದೆ ಲೈನ್ ಚೋಕ್ ಹಾಕಿಸಿ. ಹಳೆಯ ಮೋಟಾರಿಗೆಂದು ಹಾಕಿದ್ದ ಕೆಪಾಸಿಟರ್ ಬ್ಯಾಂಕನ್ನು ಹಾಗೆಯೇ ಬಿಟ್ಟರೆ ಡ್ರೈವಿನ ಹಾರ್ಮೋನಿಕ್ಸ್ ಅದಕ್ಕೆ ತಾಕುತ್ತದೆ. ಅದನ್ನು ಮರುಲೆಕ್ಕ ಹಾಕಿಸಿ, ಅಗತ್ಯವಿದ್ದರೆ ರಿಯಾಕ್ಟರ್ ಜೋಡಿಸಿ. ಡ್ರೈವು ಮತ್ತು ಮೋಟಾರಿನ ನಡುವೆ ಮಾತ್ರ ಕೆಪಾಸಿಟರ್ ಎಂದೂ ಇರಕೂಡದು. ಪ್ಯಾನೆಲ್ಲನ್ನು ಹಲ್ಲರಿನ ಪಕ್ಕದ ಧೂಳಿನಲ್ಲಿ ನಿಲ್ಲಿಸದೆ ಗೋಡೆಯಾಚೆ ಸಣ್ಣ ಕೋಣೆಯಲ್ಲಿಡಿ; ಕೇಬಲ್ ಬರುವ ತೂತುಗಳನ್ನು ಗ್ಲ್ಯಾಂಡ್ ಹಾಕಿ ಮುಚ್ಚಿಸಿ, ಏಕೆಂದರೆ ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುವ ಇರುವೆ ಮತ್ತು ಹಲ್ಲಿಗಳಿಗೆ ಅದಕ್ಕಿಂತ ಪ್ರಶಸ್ತ ಸ್ಥಳವಿಲ್ಲ. ಕೆಲಸವಿಲ್ಲದ ತಿಂಗಳುಗಳಲ್ಲೂ ಪ್ಯಾನೆಲ್ ಹೀಟರ್ ಉರಿಯುತ್ತಿರಲಿ, ತಿಂಗಳಿಗೊಮ್ಮೆ ಡ್ರೈವುಗಳಿಗೆ ಒಂದೆರಡು ಗಂಟೆ ಕರೆಂಟ್ ಕೊಡಿ. ವರ್ಷಕ್ಕೂ ಮೀರಿ ಕರೆಂಟ್ ಕಾಣದ ಡ್ರೈವಿನ ಒಳಗಿನ ಕೆಪಾಸಿಟರುಗಳು ಒಮ್ಮೆಲೇ ಪೂರ್ಣ ವೋಲ್ಟೇಜ್ ಬಿದ್ದಾಗ ಸಿಡಿಯಬಹುದು. ತಂದು ಮೂಲೆಯಲ್ಲಿಟ್ಟ ಸ್ಪೇರ್ ಡ್ರೈವಿಗೂ ಈ ಮಾತು ಅನ್ವಯಿಸುತ್ತದೆ.

ಪಿಎಲ್‌ಸಿ ಬೇಕೇ ಎಂದರೆ, ಬೇಕು, ಸಣ್ಣದು. ಅದರ ಮುಖ್ಯ ಕೆಲಸ ಇಂಟರ್‌ಲಾಕ್: ಕೊನೆಯ ಯಂತ್ರದಿಂದ ಶುರುಮಾಡಿ ಹಿಂದಕ್ಕೆ ಬರುತ್ತ ಒಂದೊಂದಾಗಿ ಎಬ್ಬಿಸುವುದು, ನಿಲ್ಲಿಸುವಾಗ ಫೀಡರಿನಿಂದ ಶುರುಮಾಡುವುದು, ನಡುವೆ ಯಾವುದು ನಿಂತರೂ ಅದಕ್ಕಿಂತ ಹಿಂದಿನವನ್ನೆಲ್ಲ ಕೂಡಲೇ ನಿಲ್ಲಿಸುವುದು. ಮೋಟಾರು ಓಡುತ್ತಿದ್ದರೂ ಎಲಿವೇಟರಿನ ಬೆಲ್ಟು ಜಾರಿ ನಿಂತಿರಬಹುದು. ಆದ್ದರಿಂದ ಕೆಳಗಿನ ಪುಲ್ಲಿಯ ಶಾಫ್ಟಿಗೆ ಪ್ರಾಕ್ಸಿಮಿಟಿ ಸೆನ್ಸರ್ ಹಾಕಿ ನಿಜಕ್ಕೂ ತಿರುಗುತ್ತಿದೆಯೇ ಎಂದು ತಿಳಿಯುವಂತೆ ಮಾಡಿಸಿ. ದೊಡ್ಡ ಟಚ್‌ಸ್ಕ್ರೀನಿಗಿಂತ ಗಟ್ಟಿಯಾದ ಗುಂಡಿಗಳು, ಯಂತ್ರದ ಹೆಸರನ್ನು ಕನ್ನಡದಲ್ಲಿ ಬರೆದ ದೀಪಗಳು ಮೇಲು. ಪ್ರೋಗ್ರಾಮಿನ ಪ್ರತಿ, ಪಾಸ್‌ವರ್ಡ್, ಡ್ರೈವುಗಳ ಪ್ಯಾರಾಮೀಟರ್ ಪಟ್ಟಿ, ವೈರಿಂಗ್ ನಕ್ಷೆ ಇವು ನಿಮ್ಮ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ. ಇದನ್ನು ಆರ್ಡರಿನಲ್ಲೇ ಬರೆಸಿ; ಬಾಯಿಮಾತಿನ ಒಪ್ಪಂದ ಜನವರಿಯ ಮಧ್ಯರಾತ್ರಿ ಉಪಯೋಗಕ್ಕೆ ಬರುವುದಿಲ್ಲ.

ಸುರಕ್ಷತೆಯ ಕುರಿತು ಅಂದಾಜುಪಟ್ಟಿಯಲ್ಲಿ ಒಂದು ಸಾಲೂ ಇದ್ದಂತೆ ನೀವು ಬರೆದಿಲ್ಲ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ ಕಾರ್ಖಾನೆಗಳ ಕಾಯ್ದೆ 1948ರ 21ನೇ ಸೆಕ್ಷನ್ ತಿರುಗುವ ಭಾಗಗಳಿಗೆ ಬೇಲಿ ಕೇಳುತ್ತಿತ್ತು. ಹೊಸ ಬೆಲ್ಟು ಹಾಕುವಾಗಲೇ ಜಾಲರಿ ಹಾಕಿಸಿ. ತುರ್ತು ನಿಲುಗಡೆಯ ಗುಂಡಿಯನ್ನು ಡ್ರೈವಿನ ಸೇಫ್ ಟಾರ್ಕ್ ಆಫ್ (ಮೋಟಾರಿನ ತಿರುಗಿಸುವ ಬಲವನ್ನು ಕಡಿದುಹಾಕುವ) ಟರ್ಮಿನಲ್ಲಿಗೆ ತಂತಿಯಿಂದಲೇ ಜೋಡಿಸಬೇಕು, ಪಿಎಲ್‌ಸಿಯ ಪ್ರೋಗ್ರಾಮನ್ನು ನಂಬಬಾರದು. ಆ ಗುಂಡಿ ಒತ್ತಿದರೂ ಹಲ್ಲರ್ ತನ್ನ ಭಾರಕ್ಕೆ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ ಎಂಬುದನ್ನು ಕೆಲಸದವರಿಗೆ ತೋರಿಸಿಕೊಡಿ. ಕರೆಂಟ್ ಬಂದ ಕೂಡಲೇ ತಾನೇ ಓಡತೊಡಗುವ ಆಟೋ ರೀಸ್ಟಾರ್ಟ್ ಸೌಲಭ್ಯವನ್ನು ಆಫ್ ಮಾಡಿಸಿ. ಕತ್ತಲಲ್ಲಿ ಕೈಹಾಕಿ ಸಿಪ್ಪೆ ತೆಗೆಯುವ ಅಭ್ಯಾಸ ಇರುವ ಕಡೆ ಅದು ಅಪಾಯ.

ಸಮಯದ ವಿಚಾರ. ಎಲ್ಲವನ್ನೂ ಒಂದೇ ಮಳೆಗಾಲದಲ್ಲಿ ಮಾಡಹೋಗಬೇಡಿ. ಈ ವರ್ಷ ಹಲ್ಲರ್, ಅದರ ಫೀಡರ್ ಮತ್ತು ಕೆಟಡಾರನ್ನು ಲೈನ್‌ಶಾಫ್ಟಿನಿಂದ ಬಿಡಿಸಿ ಹೊಸ ಮೋಟಾರುಗಳಿಗೆ ಹಾಕಿ. ಭಾರದ ಕೆಲಸ ಹೋದ ಮೇಲೆ ಉಳಿದವನ್ನು ಲೈನ್‌ಶಾಫ್ಟ್ ಇನ್ನೊಂದು ಸೀಸನ್ ಸುಲಭವಾಗಿ ಎಳೆಯುತ್ತದೆ. ಆದರೆ ಇಂಟರ್‌ಲಾಕಿನಲ್ಲಿ ಅದನ್ನೂ ಸೇರಿಸಿಕೊಳ್ಳಿ: ಲೈನ್‌ಶಾಫ್ಟ್ ನಿಂತರೆ ಫೀಡರೂ ಹಲ್ಲರೂ ನಿಲ್ಲಬೇಕು. ಆರ್ಡರನ್ನು ಜೂನಿನೊಳಗೆ ಕೊಟ್ಟರೆ ಆಗಸ್ಟ್–ಸೆಪ್ಟೆಂಬರಿನಲ್ಲಿ ವೈರಿಂಗ್ ಮುಗಿಸಿ, ನವೆಂಬರಿನಲ್ಲಿ ಹಳೆಯ ದಾಸ್ತಾನಿನ ಕೆಲವು ಚೀಲ ಚೆರ್ರಿ ಹಾಕಿ ಪರೀಕ್ಷಿಸಲು ಬಿಡುವು ಸಿಗುತ್ತದೆ. ಎಲ್ಲ ಮೋಟಾರುಗಳ ಎಚ್‌ಪಿ ಕೂಡಿಸಿದರೆ ಮೊತ್ತ ಈಗಿನ 50ನ್ನು ಮೀರುವುದು ಖಂಡಿತ, ಆದ್ದರಿಂದ ಮಂಜೂರಾದ ಲೋಡಿನ ವಿಚಾರವನ್ನು ಸೆಸ್ಕ್ (ವಿದ್ಯುತ್ ಸರಬರಾಜು ಕಂಪನಿ) ಕಚೇರಿಯಲ್ಲಿ ಮೊದಲೇ ಇತ್ಯರ್ಥಪಡಿಸಿಕೊಳ್ಳಿ. ಎರಡನೇ ಹಂತದಲ್ಲಿ ಬ್ಲೋವರ್, ಎಲಿವೇಟರುಗಳು ಮತ್ತು ಗ್ರೇಡರ್ ಬರಲಿ. ಸ್ಲಿಪ್‌ರಿಂಗ್ ಮೋಟಾರು ಅಲ್ಲಿಯವರೆಗೆ ಹಗುರ ಲೋಡಿನಲ್ಲಿ ಓಡುವುದರಿಂದ ಪವರ್ ಫ್ಯಾಕ್ಟರ್ ಇಳಿಯುತ್ತದೆ, ಅದರ ಕೆಪಾಸಿಟರುಗಳನ್ನು ಈ ಒಂದು ಸೀಸನ್‌ಗೆ ಸರಿಹೊಂದಿಸಿ ಇಟ್ಟುಕೊಳ್ಳಬೇಕು. ಎರಡನೇ ಹಂತವೂ ಒಂದು ಪೂರ್ಣ ಸೀಸನ್ ಓಡಿ ತೋರಿಸುವವರೆಗೆ ಆ ಮೋಟಾರನ್ನೂ ಲೈನ್‌ಶಾಫ್ಟಿನ ಬ್ರ್ಯಾಕೆಟ್ಟುಗಳನ್ನೂ ಮಾರಬೇಡಿ; ಗುಜರಿಯವರು ಕೊಡುವ ಬೆಲೆ ಒಂದು ವರ್ಷ ಕಾದರೆ ಕಡಿಮೆಯಾಗುವಂಥದ್ದೇನಲ್ಲ.